ಹೂ ಪ್ರಸಾದ ಬಲಕ್ಕೆ ಬಿದ್ದರೆ ದೇವರು ಇದ್ದಾನೆ ಅಂತಲಾ? ಪರೀಕ್ಷೆ ಮಾಡಿ ನೋಡಬಹುದಾ?

ತುಂಗಾತೀರ (ಪ್ರಶ್ನೆ)

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಚೌಡಿ ಬನ, ಭೂತನ ಕಟ್ಟೆ, ಊರ ದೇವಸ್ಥಾನಗಳಲ್ಲಿ ಹೂ ಪ್ರಸಾದ ಕೇಳೋದು ಎಲ್ಲರಿಗೂ ಗೊತ್ತಿರೋ ಪದ್ಧತಿ. ಒದ್ದೆ ಮೂರ್ತಿಗೆ ಹೂ ಅಂಟಿಸ್ತಾರೆ, ಕೇಳುವವರು ಮನಸ್ಸಿನಲ್ಲಿ ಕೆಲಸ ನೆನೆಸಿಕೊಂಡು ನಿಲ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ ಆಯ್ತು, ಎಡಗಡೆಯದು ಬಿದ್ದರೆ ಬೇಡ. ಮದುವೆ, ಜಾಗ, ಬೋರ್‌ವೆಲ್, ಕೋರ್ಟ್ ಕೇಸು, ಎಲ್ಲಕ್ಕೂ ಕೇಳ್ತಾರೆ.

ಇದರ ಬಗ್ಗೆ ಎರಡು ಮಾತು ಪದೇ ಪದೇ ಬರುತ್ತೆ. ಒಂದು, "ಹೂ ಸುಳ್ಳು ಹೇಳಲ್ಲ, ದೇವರಿದ್ದಾನೆ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?" ಇನ್ನೊಂದು, "ನೀರು ಒಣಗಿದರೆ ಹೂ ಬೀಳುತ್ತೆ, ಅಲ್ಲಿಗೆ ದೇವರ ಕತೆ ಮುಗೀತು." ಎರಡೂ ಅವಸರದ ತೀರ್ಮಾನ ಅಂತ ನನಗೆ ಅನ್ನಿಸುತ್ತೆ. ಹೂ ನಿಜಕ್ಕೂ ಹೇಗೆ ಬೀಳುತ್ತೆ, ಪರೀಕ್ಷೆ ಮಾಡೋದಾದರೆ ಯಾರಿಗೂ ಅನ್ಯಾಯ ಆಗದ ಹಾಗೆ ಹೇಗೆ ಮಾಡಬೇಕು, ಆ ಪರೀಕ್ಷೆಯಿಂದ ದೇವರ ಇರುವಿಕೆ ಬಗ್ಗೆ ಏನಾದರೂ ಗೊತ್ತಾಗುತ್ತಾ? ಪೂಜೆಯ ಕೆಲಸ ಬಲ್ಲವರು, ಲೆಕ್ಕ ಬಲ್ಲವರು, ಶಾಸ್ತ್ರ ಓದಿದವರು ಹೇಳಿ. ನಂಬುವವರನ್ನು ನೋಯಿಸೋಕೆ ಕೇಳ್ತಿಲ್ಲ. ಉತ್ತರ ಬೇಕಾಗಿದೆ.

---

ಕೇಪಳ

ಮೊದಲು ಹೂವಿನ ವಿಷಯ ಹೇಳ್ತೀನಿ, ಅದು ಗೊತ್ತಿಲ್ಲದೆ ಪರೀಕ್ಷೆ ಮಾಡಿದರೆ ತಪ್ಪುತ್ತೆ.

ಅಭಿಷೇಕ ಆಗಿ ಕಲ್ಲು ಇನ್ನೂ ಒದ್ದೆ ಇರುವಾಗ, ಇಲ್ಲವೇ ಕೈಯಲ್ಲಿ ನೀರು ಸವರಿ, ಹೂವಿನ ಎಸಳನ್ನೋ ಇಡೀ ಹೂವನ್ನೋ ಮೂರ್ತಿಯ ಎರಡು ಭುಜ, ಎದೆ, ಕಿರೀಟದ ಅಂಚಿಗೆ ಒತ್ತಿ ಅಂಟಿಸ್ತಾರೆ. ಎಸಳಿಗೂ ಕಲ್ಲಿಗೂ ನಡುವೆ ಇರೋ ತೆಳ್ಳಗಿನ ನೀರಿನ ಪದರವೇ ಅದನ್ನು ಹಿಡಿದಿರೋದು. ಪದರ ಒಣಗ್ತಾ ಬಂದ ಹಾಗೆ ಹಿಡಿತ ಅಂಚಿನಿಂದ ಬಿಡ್ತಾ ಹೋಗುತ್ತೆ. ಹೂವಿನ ಭಾರ ಹಿಡಿತಕ್ಕಿಂತ ಹೆಚ್ಚಾದ ಕ್ಷಣಕ್ಕೆ ಬೀಳುತ್ತೆ.

ಹೂವಿನ ಜಾತಿ ಮುಖ್ಯ. ಸಿಂಗಾರದ ಹೂ ಅಕ್ಕಿಕಾಳಿನಷ್ಟು, ಗಟ್ಟಿ, ಅಂಟೋ ಜಾಗವೇ ಕಡಿಮೆ, ಅದಕ್ಕೆ ಬೇಗ ಉದುರುತ್ತೆ. ಕೇಪಳಕ್ಕೆ ಉದ್ದ ಕೊಳವೆ ಇದೆ, ಅದು ಹೊರಗೆ ಚಾಚಿಕೊಂಡು ಹೂವನ್ನು ಮುಂದಕ್ಕೆ ಎಳೆಯುತ್ತೆ. ದಾಸವಾಳದ ಅಗಲ ಎಸಳು ಹಸಿಯಿದ್ದಾಗ ಚೆನ್ನಾಗಿ ಕೂರುತ್ತೆ, ಬಾಡ್ತಾ ಅಂಚು ಮುದುರಿಕೊಂಡು ತಾನೇ ಸುಲಿದುಕೊಂಡು ಬರುತ್ತೆ. ಗಂಧ ಹಚ್ಚಿ ಅಂಟಿಸಿದರೆ ಲೆಕ್ಕವೇ ಬೇರೆ: ಗಂಧ ಒಣಗಿದ ಮೇಲೂ ಹಿಡಿದುಕೊಂಡೇ ಇರುತ್ತೆ. ಬಲಕ್ಕೆ ನೀರು, ಎಡಕ್ಕೆ ಗಂಧ ಆದರೆ ಯಾವುದು ಮೊದಲು ಬೀಳುತ್ತೆ ಅಂತ ಕೇಳಬೇಕಾಗಿಲ್ಲ. ಯಾರೂ ಬೇಕಂತ ಹಾಗೆ ಮಾಡಲ್ಲ. ಆದರೆ ಅಲಂಕಾರ ಮಾಡುವಾಗ ಗಂಧ ಒಂದು ಭುಜಕ್ಕೆ ಜಾಸ್ತಿ ಆಗಿರೋದು ಸಾಮಾನ್ಯ.

ಎಣ್ಣೆಯ ಅಭಿಷೇಕ ಆಗೋ ಮೂರ್ತಿಯಲ್ಲಿ ನೀರು ಹರಡಲ್ಲ, ಹನಿಹನಿಯಾಗಿ ನಿಲ್ಲುತ್ತೆ, ಹೂ ಜಾರುತ್ತೆ. ನಂದಾದೀಪ ಒಂದೇ ಪಕ್ಕದಲ್ಲಿದ್ದರೆ ಆ ಪಕ್ಕ ಬೇಗ ಒಣಗುತ್ತೆ. ಬಾಗಿಲ ಗಾಳಿ ಯಾವ ಕಡೆಯಿಂದ ತಾಗುತ್ತೆ, ಹಳೇ ಮೂರ್ತಿಯ ಯಾವ ಭುಜ ಹೆಚ್ಚು ಸವೆದು ನುಣುಪಾಗಿದೆ, ಇವೂ ಸೇರುತ್ತೆ. ಕಾಲವೂ ಅಷ್ಟೇ. ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆ ಬೀಳೋ ಆಗುಂಬೆಯ ಆಸುಪಾಸಿನಲ್ಲಿ ಆಷಾಢದಲ್ಲಿ ಗೋಡೆಯೇ ಒಣಗಲ್ಲ, ಹೂ ತುಂಬ ಹೊತ್ತು ಕೂತಿರುತ್ತೆ. ಅದೇ ಬನದಲ್ಲಿ ಶಿವರಾತ್ರಿ ಹೊತ್ತಿಗೆ ಬೇಗ ಬೀಳುತ್ತೆ.

ಇನ್ನೊಂದು ದೊಡ್ಡ ಗೊಂದಲ: ಯಾರ ಬಲ? ದೇವರ ಬಲ ಅಂದರೆ ಎದುರಿಗೆ ನಿಂತವರ ಎಡ. ಬಹಳ ಕಡೆ ದೇವರ ಬಲವನ್ನೇ ಹಿಡೀತಾರೆ, ಆದರೆ ದೂರದಿಂದ ಬಂದವರು ತಮ್ಮ ಬಲ ಅಂದುಕೊಂಡು ಉಲ್ಟಾ ತಿಳ್ಕೊಂಡು ಹೋಗಿಬಿಡ್ತಾರೆ. ಎದೆಯ ನಡುವಿನ ಹೂ ಬಿದ್ದರೆ? ಎರಡೂ ಒಟ್ಟಿಗೆ ಬಿದ್ದರೆ? ಎಷ್ಟು ಹೊತ್ತು ಕಾಯೋದು? ಇದಕ್ಕೆಲ್ಲ ಒಂದೊಂದು ಕಡೆ ಒಂದೊಂದು ರೂಢಿ. ಬರೆದಿಟ್ಟ ನಿಯಮ ಇಲ್ಲ.

ಕೆಲವು ಕಡೆ ಹೂ ಅಂಟಿಸೋ ಬದಲು ಬಿಳಿ ಹೂವನ್ನೂ ಕೆಂಪು ಹೂವನ್ನೂ ಬೇರೆ ಬೇರೆ ಎಲೆಯಲ್ಲಿ ಮಡಚಿ ದೇವರ ಮುಂದಿಟ್ಟು ಮಗುವಿನ ಕೈಲಿ ಒಂದನ್ನು ತೆಗೆಸ್ತಾರೆ. ಅದರಲ್ಲಿ ಒಣಗೋ ತಾಪತ್ರಯ ಇಲ್ಲ.

---

ಎಂಟನೇ ಬೆಂಚು

ಕೇಪಳ ಅವರು ಹೇಳಿದ್ದನ್ನು ಇಟ್ಟುಕೊಂಡು ಪರೀಕ್ಷೆ ಹೇಗೆ ಅಂತ ಬರೀತೀನಿ.

ಪರೀಕ್ಷೆಯಲ್ಲಿ "ಹೂ ಬಲಕ್ಕೆ ಬಿತ್ತಾ" ಅಂತ ನೋಡಬಾರದು. "ಹೂ ಹೇಳಿದ್ದು ನಿಜವಾಯ್ತಾ" ಅಂತ ನೋಡಬೇಕು. ಉತ್ತರ ಆಮೇಲೆ ಖಚಿತವಾಗಿ ಗೊತ್ತಾಗುವಂಥ, ಆದರೆ ಕೇಳುವ ಹೊತ್ತಿಗೆ ಅಲ್ಲಿರುವ ಯಾರಿಗೂ ಗೊತ್ತಿರದಂಥ ಪ್ರಶ್ನೆ ಬೇಕು.

ಒಂದೇ ತರದ 20 ಸ್ಟೀಲ್ ಡಬ್ಬಿ ತಗೊಳ್ಳಿ. ಹತ್ತರಲ್ಲಿ ಒಂದೊಂದು ಚಾಲಿ ಅಡಿಕೆ, ಉಳಿದ ಹತ್ತರಲ್ಲಿ ಅಷ್ಟೇ ತೂಕದ ಕಲ್ಲು. ಎರಡನ್ನೂ ಒಂದೇ ಅಳತೆಯ ಬಟ್ಟೆಯಲ್ಲಿ ಸುತ್ತಿ ಬಿಗಿಯಾಗಿ ತುಂಬಬೇಕು, ಇಲ್ಲದಿದ್ದರೆ ಅಲುಗಾಡಿಸಿದಾಗ ಸದ್ದಿನಲ್ಲೇ ಗೊತ್ತಾಗುತ್ತೆ. ತುಂಬಿದವರು ಡಬ್ಬಿಗಳನ್ನು ಕಲಸಿ 1ರಿಂದ 20ರವರೆಗೆ ನಂಬರ್ ಹಾಕಿ, ಯಾವುದರಲ್ಲಿ ಏನಿದೆ ಅಂತ ಬರೆದ ಚೀಟಿಯನ್ನು ಲಕೋಟೆಗೆ ಹಾಕಿ ಅಂಟಿಸಿ, ಅಲ್ಲಿಂದ ಹೊರಟುಹೋಗಬೇಕು. ಅವರು ದೇವಸ್ಥಾನದ ಅಂಗಳದಲ್ಲಿ ನಿಂತಿದ್ದರೂ ಮುಖದಲ್ಲಿ ಉತ್ತರ ಕಾಣುತ್ತೆ. ಹತ್ತು-ಹತ್ತು ಅನ್ನೋದು ಹೂ ಅಂಟಿಸುವವರಿಗೆ ಗೊತ್ತಿರಬಾರದು.

ಆಮೇಲೆ ಒಂದೊಂದೇ ಡಬ್ಬಿ ಮುಂದಿಟ್ಟು "ಇದರಲ್ಲಿ ಅಡಿಕೆ ಇದೆಯಾ" ಅಂತ ಕೇಳೋದು. ಬಲ ಅಂದರೆ ಯಾರ ಬಲ, ಎಷ್ಟು ನಿಮಿಷ ಕಾಯೋದು, ಬೀಳದಿದ್ದರೆ ಏನಂತ ಲೆಕ್ಕ, ಇವನ್ನೆಲ್ಲ ಶುರು ಮಾಡೋ ಮುಂಚೆಯೇ ಬರೆದು ಎಲ್ಲರೂ ಸಹಿ ಹಾಕಿ. ಒಂದು ಡಬ್ಬಿಗೆ ಒಂದೇ ಸಲ. ಇಪ್ಪತ್ತೂ ಮುಗಿದ ಮೇಲೆ ಲಕೋಟೆ ಒಡೆಯೋದು.

ಹೂವಿಗೆ ಏನೂ ಗೊತ್ತಿಲ್ಲದಿದ್ದರೂ ಸುಮಾರು 10 ಸರಿ ಬರುತ್ತೆ. 12, 13 ಬಂದರೂ ಆಶ್ಚರ್ಯ ಇಲ್ಲ. 15 ಅಥವಾ ಅದಕ್ಕಿಂತ ಹೆಚ್ಚು ಬರೀ ಆಕಸ್ಮಿಕವಾಗಿ ಬರೋ ಸಂಭವ ನೂರಕ್ಕೆ ಎರಡು. ಅಷ್ಟು ಬಂದರೆ ಇನ್ನೊಮ್ಮೆ ಹೊಸ ಡಬ್ಬಿಗಳಲ್ಲಿ ಮಾಡಿ ನೋಡಲೇಬೇಕು, ಯಾಕಂದರೆ 50 ಬನಗಳಲ್ಲಿ ಇದೇ ಪರೀಕ್ಷೆ ಮಾಡಿದರೆ ಸರಾಸರಿ ಒಂದು ಬನ ಸುಮ್ಮನೆಯೇ ಪಾಸಾಗುತ್ತೆ, ಊರವರು ಆ ಒಂದರ ಸುದ್ದಿಯನ್ನು ಮಾತ್ರ ಹೇಳ್ತಾರೆ.

ಹತ್ತು-ಹತ್ತು ಯಾಕೆ ಅಂದರೆ, ದೀಪ ಅಥವಾ ಗಾಳಿಯಿಂದ ಆ ಮೂರ್ತಿಯಲ್ಲಿ ಹತ್ತಕ್ಕೆ ಏಳು ಸಲ ಬಲಗಡೆಯ ಹೂವೇ ಬೀಳುತ್ತೆ ಅಂತಿಟ್ಟುಕೊಳ್ಳಿ. 16 ಡಬ್ಬಿಯಲ್ಲಿ ಅಡಿಕೆ ಇಟ್ಟರೆ ಸರಾಸರಿ 12ಕ್ಕೂ ಮೇಲೆ "ಸರಿ" ಬಂದುಬಿಡುತ್ತೆ, ಹೂವಿಗೆ ಏನೂ ಗೊತ್ತಿಲ್ಲದೆಯೇ. ಸಮ ಇಟ್ಟರೆ ಆ ವಾಲು ಹೊಡೆದುಹೋಗುತ್ತೆ, ಸರಾಸರಿ ಹತ್ತಕ್ಕೇ ಬಂದು ನಿಲ್ಲುತ್ತೆ. ಜನ ಬಂದು ಕೇಳೋ ಪ್ರಶ್ನೆಗಳಲ್ಲಿ ಬಹುಪಾಲು "ಆಗುತ್ತೆ" ಅನ್ನೋ ಕಡೆಯವೇ ಇರುತ್ತವೆ ಅನ್ನೋದನ್ನು ಇದರ ಜೊತೆ ಇಟ್ಟು ನೋಡಿ.

ಬೇಡ ಅಂತ ಬಂದಾಗ ಮತ್ತೆ ಕೇಳೋ ರೂಢಿಯೂ ಇದೆ. ಎರಡೂ ಕಡೆಗೆ ಸಮ ಸಂಭವ ಇರುವಾಗ ಮೂರು ಸಲದೊಳಗೆ ಒಮ್ಮೆಯಾದರೂ ಬಲಕ್ಕೆ ಬರೋ ಸಂಭವ ಎಂಟಕ್ಕೆ ಏಳು. ಮೂರನೇ ಸಲಕ್ಕೆ ಸಿಕ್ಕ ಅಪ್ಪಣೆಯನ್ನು ಅಪ್ಪಣೆ ಅಂತ ಕರೆಯೋದು ದೇವರಿದ್ದಾನೆ ಅಂದುಕೊಂಡವರಿಗೂ ಸರಿಯಲ್ಲ, ಆಲೋಚಿಸಿ.

---

ಹೊಸಗದ್ದೆ

ಒಂದು ತಕರಾರು. ದೇವರ ಮುಂದೆ ಡಬ್ಬಿಯಲ್ಲಿ ಅಡಿಕೆ ಇದೆಯಾ ಅಂತ ಕೇಳೋದು ಪ್ರಶ್ನೆಯೇ ಅಲ್ಲ. ಕಷ್ಟ ಇರುವವರು ಕೇಳಿದಾಗ ಹೂ ಉತ್ತರ ಕೊಡುತ್ತೆ ಅನ್ನೋದು ಇಲ್ಲಿನ ನಂಬಿಕೆ. ಡಬ್ಬಿಯ ಪರೀಕ್ಷೆ ಸೋತರೆ ನಂಬುವವರು "ಇಂಥದ್ದಕ್ಕೆಲ್ಲ ದೇವಿ ಮಾತಾಡಲ್ಲ" ಅಂತಾರೆ. ಅದು ತಪ್ಪಿಸಿಕೊಳ್ಳೋ ಮಾತು ಅಲ್ಲ, ನಂಬಿಕೆಯಲ್ಲಿ ಮೊದಲಿಂದ ಇರೋದೇ.

---

ಎಂಟನೇ ಬೆಂಚು

ಹೊಸಗದ್ದೆಯವರ ಮಾತು ಒಪ್ಪತಕ್ಕದ್ದೇ. ಹಾಗಾದರೆ ನಿಜವಾದ ಕಷ್ಟದ ಪ್ರಶ್ನೆಗಳನ್ನೇ ದಾಖಲೆ ಮಾಡಬೇಕು. ಒಂದು ನೋಟ್‌ಬುಕ್. ಪ್ರಶ್ನೆ, ತಾರೀಕು, ಯಾವ ಕಡೆ ಬಿತ್ತು, ಎಷ್ಟನೇ ಸಲಕ್ಕೆ, ಫಲ ಗೊತ್ತಾಗೋಕೆ ಕೊನೆಯ ದಿನ ಯಾವುದು. ಇಷ್ಟನ್ನೂ ಹೂ ಬಿದ್ದ ದಿನವೇ ಬರೀಬೇಕು, ಫಲ ನೋಡಿ ಆಮೇಲೆ ಅಲ್ಲ. "ಒಳ್ಳೇದಾಗುತ್ತಾ" ಅಂತ ಬರೆದರೆ ಉಪಯೋಗ ಇಲ್ಲ. "ಈ ಪಾಯಿಂಟಿನಲ್ಲಿ 300 ಅಡಿಯೊಳಗೆ ಎರಡು ಇಂಚು ನೀರು ಬರುತ್ತಾ" ಅಂತ ಬರೆದರೆ ಉಪಯೋಗ.

ಆದರೂ ಇಲ್ಲಿ ಒಂದು ತೂತು ಉಳಿಯುತ್ತೆ. ಹೂ ಬೇಡ ಅಂದ ಜಾಗದಲ್ಲಿ ಯಾರೂ ಬೋರ್ ಕೊರೆಸಲ್ಲ. ಬೇಡ ಅಂದ ಸಂಬಂಧ ಯಾರೂ ಮಾಡಲ್ಲ. ಹಾಗಾಗಿ "ಬೇಡ" ಅನ್ನೋ ಉತ್ತರ ಸರಿಯಿತ್ತಾ ತಪ್ಪಿತ್ತಾ ಅಂತ ಎಂದಿಗೂ ಗೊತ್ತಾಗಲ್ಲ, ಅರ್ಧ ಲೆಕ್ಕ ಕೈಗೇ ಸಿಗಲ್ಲ. ಹೂ ಹೇಳಿದ್ದೆಲ್ಲ ನಿಜವಾಗುತ್ತೆ ಅನ್ನಿಸೋದಕ್ಕೆ ಇದು ದೊಡ್ಡ ಕಾರಣ.

ಹರಕೆಯಲ್ಲೂ ಇದೇ ಕತೆ. ಬನದಲ್ಲಿ ನೇತುಹಾಕಿದ ಗಂಟೆ ಎಣಿಸಿ "ಇಷ್ಟು ಜನಕ್ಕೆ ಫಲಿಸಿದೆ" ಅಂತಾರೆ. ಫಲಿಸದವರು ಗಂಟೆ ತರಲ್ಲ, ಅವರ ಲೆಕ್ಕ ಅಲ್ಲಿ ಕಾಣಲ್ಲ. ಎಣಿಸಬೇಕಾದ್ದು ಹರಕೆ ಹೊತ್ತವರನ್ನು, ತೀರಿಸಿದವರನ್ನಲ್ಲ. ಅಡಿಕೆ ತೋಟಕ್ಕೆ ಕೊಳೆರೋಗ ಬರಬಾರದು ಅಂತ ಹರಕೆ ಹೊತ್ತು, ಮಳೆಗೆ ಮುಂಚೆ ಒಂದು ಸಲ, 40-45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ದ್ರಾವಣವನ್ನೂ ಹೊಡೆಸಿದವರಿಗೆ ಅಡಿಕೆ ಉಳಿದದ್ದು ಯಾವುದರಿಂದ? 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಏನು ಮಾಡುತ್ತೆ ಅಂತ ಹೊಡೆದ ತೋಟ, ಹೊಡೆಯದ ತೋಟ ಎರಡನ್ನೂ ಇಟ್ಟು ನೋಡಿ ತಿಳಿದಿದ್ದೇವೆ. ಹರಕೆಯನ್ನು ಹಾಗೆ ಬೇರ್ಪಡಿಸಿ ನೋಡೋಕೆ ಯಾರೂ ತೋಟ ಬಿಟ್ಟುಕೊಡಲ್ಲ, ಬಿಟ್ಟುಕೊಡಿ ಅಂತ ಕೇಳೋದೂ ಸರಿಯಲ್ಲ.

---

ಕೋಡಿಮಠ ದಾರಿ

ಪರೀಕ್ಷೆಯಿಂದ ದೇವರ ಇರುವಿಕೆ ಬಗ್ಗೆ ಏನಾದರೂ ಗೊತ್ತಾಗುತ್ತದೆಯೇ ಎಂಬ ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನನ್ನ ಓದಿನ ಮಟ್ಟಿಗೆ ಹೇಳುತ್ತೇನೆ.

ಹೂ ಗೆದ್ದರೆ ದೇವರು ಸಿದ್ಧ ಅನ್ನುವುದೂ, ಹೂ ಸೋತರೆ ದೇವರಿಲ್ಲ ಅನ್ನುವುದೂ ನಮ್ಮ ತರ್ಕಶಾಸ್ತ್ರದ ಪ್ರಕಾರವೇ ನಿಲ್ಲುವುದಿಲ್ಲ. "ಬೆಂಕಿ ಇದ್ದಲ್ಲೆಲ್ಲ ಹೊಗೆ" ಅನ್ನುವುದು ಯಾಕೆ ತಪ್ಪು? ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆಗೆ ಹಸಿ ಸೌದೆ ಬೇಕು. ಆ ಹಸಿ ಸೌದೆಯನ್ನು ನೈಯಾಯಿಕರು, ಅಂದರೆ ನ್ಯಾಯದರ್ಶನದ ತರ್ಕಪಂಡಿತರು, ಉಪಾಧಿ ಎಂದರು. ನಾವು ಎರಡರ ನಡುವೆ ಕಟ್ಟಿದ ನಂಟಿನ ಒಳಗೆ ಕಣ್ಣಿಗೆ ಬೀಳದೆ ಕೂತ ಮೂರನೆಯದು ಅದು. ಮಳೆಗಾಲದಲ್ಲಿ ಒಲೆ ಊದಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಕೇಪಳ ಅವರು ಹೇಳಿದ ಒಣಗುವಿಕೆ, ದೀಪ, ಗಂಧ ಎಲ್ಲವೂ ಇಲ್ಲಿನ ಉಪಾಧಿಗಳು. ಬೀಳುವುದಕ್ಕೆ ಬೇರೆ ಕಾರಣ ಸಾಲುವಷ್ಟು ಇರುವಾಗ ಆ ಬೀಳುವಿಕೆ ಇನ್ನೊಂದಕ್ಕೆ ಸಾಕ್ಷಿಯಾಗದು.

ದೇವರನ್ನು ತರ್ಕದಿಂದ ಸಾಧಿಸಲು ಹೊರಟ ದೊಡ್ಡ ಪ್ರಯತ್ನ ನೈಯಾಯಿಕ ಉದಯನನದು, ಸುಮಾರು ಸಾವಿರ ವರ್ಷದ ಹಿಂದೆ. ಗ್ರಂಥದ ಹೆಸರು ನ್ಯಾಯಕುಸುಮಾಂಜಲಿ, ಬೊಗಸೆಯಲ್ಲಿ ಹಿಡಿದ ಹೂವು. ಅವನ ವಾದಗಳಲ್ಲಿ ಮೊದಲನೆಯದು ಇದು: ಮಡಕೆಯಂತೆ ಭೂಮಿಯೂ ಒಂದು ಕಾರ್ಯ, ಅಂದರೆ ಕಾರಣದಿಂದ ಉಂಟಾದದ್ದು, ಕಾರ್ಯಕ್ಕೆ ಕರ್ತೃ ಬೇಕು, ಆದ್ದರಿಂದ ಭೂಮಿಗೂ ಒಬ್ಬ ಕರ್ತೃ ಇದ್ದಾನೆ. ಈ ಬಗೆಯ ವಾದಕ್ಕೆ ಬೌದ್ಧ ಧರ್ಮಕೀರ್ತಿ ಏಳನೇ ಶತಮಾನದಲ್ಲೇ ಎತ್ತಿದ್ದ ಆಕ್ಷೇಪ ನಮ್ಮ ಬನಗಳಲ್ಲಿ ಕಣ್ಣೆದುರಿಗೇ ನಿಂತಿದೆ: ಹುತ್ತ. ಮಡಕೆಯೂ ಮಣ್ಣು, ಹುತ್ತವೂ ಮಣ್ಣು. ಮಣ್ಣಿನಿಂದಾದ ಆಕಾರ ಅನ್ನುವಷ್ಟರಿಂದಲೇ ಕುಂಬಾರನನ್ನು ಊಹಿಸುವುದಾದರೆ ಹುತ್ತವನ್ನೂ ಕುಂಬಾರನೇ ಮಾಡಿದ ಅನ್ನಬೇಕಾಗುತ್ತದೆ. ಒಂದು ಹಳೇ ಹುತ್ತವನ್ನು ಹತ್ತಿರ ಹೋಗಿ ನೋಡಿ: ಕಣಕಣ ಮಣ್ಣು ಎಂಜಲಲ್ಲಿ ಮೆತ್ತಿ ಗಟ್ಟಿಯಾದದ್ದು, ಒಳಗೆ ಗಾಳಿ ಆಡುವ ಕೊಳವೆಗಳು, ಹೊರಗೆ ಮಳೆ ಜಾರಿಹೋಗುವ ಇಳಿಜಾರು. ಯೋಜನೆ ಹಾಕಿದ ಒಬ್ಬ ಕೆಲಸಗಾರ ಅಲ್ಲಿಲ್ಲ, ಗೆದ್ದಲುಗಳಿವೆ. ನಾವು ಅದಕ್ಕೆ ಅರಿಶಿನ ಕುಂಕುಮ ಇಟ್ಟು ಕೈಮುಗಿಯುತ್ತೇವೆ. ಅದು ಬೇರೆ ಮಾತು, ಅದರಲ್ಲಿ ತಪ್ಪೇನೂ ಇಲ್ಲ.

ವೇದವನ್ನು ಒಪ್ಪಿದವರೂ ಈ ವಾದವನ್ನು ಪ್ರಶ್ನಿಸದೆ ಬಿಡಲಿಲ್ಲ. ಸೃಷ್ಟಿಕರ್ತನಿಗೆ ದೇಹ ಇಲ್ಲದಿದ್ದರೆ ಸೃಷ್ಟಿಸುವ ಇಚ್ಛೆ ಎಲ್ಲಿಂದ, ಇದ್ದರೆ ಆ ದೇಹವನ್ನು ಮಾಡಿದವರು ಯಾರು ಎಂದು ಕೇಳಿದವನು ಮೀಮಾಂಸಕ ಕುಮಾರಿಲ. ಶಂಕರರ ಭಾಷ್ಯದಲ್ಲಿ ಬರುವ ಮಾತಿನ ತಿರುಳು ಹೀಗೆ: ಬ್ರಹ್ಮ ಇಂದ್ರಿಯಕ್ಕೆ ಸಿಗದು, ಕಣ್ಣಿಗೆ ಕಾಣುವುದು ಕಾರ್ಯ ಮಾತ್ರ, ಕಾರ್ಯವನ್ನಷ್ಟೇ ನೋಡಿ ಅದು ಬ್ರಹ್ಮಕ್ಕೆ ಸಂಬಂಧಿಸಿದ್ದೋ ಇನ್ಯಾವುದಕ್ಕೋ ಎಂದು ನಿಶ್ಚಯಿಸಲಾಗದು. ಶೃಂಗೇರಿಯ ಪರಂಪರೆಯ ಮೂಲದಲ್ಲೇ ಈ ಮಾತಿದೆ. ರಾಮಾನುಜರೂ ಮಧ್ವರೂ ಬೇರೆ ನೂರು ವಿಷಯದಲ್ಲಿ ಶಂಕರರನ್ನು ಖಂಡಿಸಿದರು, ಆದರೆ ಬರೀ ಅನುಮಾನದಿಂದ, ಅಂದರೆ ತರ್ಕದ ಊಹೆಯಿಂದ, ದೇವರು ಸಿದ್ಧನಾಗುವುದಿಲ್ಲ, ಶಾಸ್ತ್ರವೇ ಪ್ರಮಾಣ ಎಂಬಲ್ಲಿ ಮೂವರೂ ಒಂದೇ ಕಡೆ ನಿಲ್ಲುತ್ತಾರೆ. ಆಚಾರ್ಯರೇ ಲೋಕದ ಯಾವ ಕಾರ್ಯವೂ ಸಾಲದು ಎಂದಿರುವಾಗ ಒಂದು ಕೇಪಳದ ಹೂವಿನ ಮೇಲೆ ಅಷ್ಟು ಭಾರ ಹೇರುವುದು ಯಾವ ನ್ಯಾಯ?

ಇನ್ನೊಂದು ಪಕ್ಷ. ಕಾಣದಿದ್ದರೆ ಇಲ್ಲ ಅನ್ನುವುದಕ್ಕೂ ನಿಯಮವಿದೆ, ಯೋಗ್ಯಾನುಪಲಬ್ಧಿ ಎಂದು ಹೆಸರು. ಇದ್ದಿದ್ದರೆ ಕಾಣಲೇಬೇಕಿದ್ದ ವಸ್ತು ಕಾಣದಿದ್ದರೆ ಮಾತ್ರ ಅದು ಇಲ್ಲ ಅನ್ನಬಹುದು. ಅಂಗಳದಲ್ಲಿ ಆನೆ ಇಲ್ಲ ಅನ್ನಬಹುದು, ಅಂಗಳದ ಗಾಳಿಯಲ್ಲಿ ರೋಗಾಣು ಇಲ್ಲ ಅನ್ನಲಾಗದು. ಆದ್ದರಿಂದ ಡಬ್ಬಿ ಪರೀಕ್ಷೆ ಸೋತರೆ ಬೀಳುವುದು "ಕೇಳಿದಾಗಲೆಲ್ಲ ಹೂವಿನಿಂದ ಸರಿ ಉತ್ತರ ಕೊಡುವ ದೇವರು" ಅನ್ನುವ ಒಂದು ಕಲ್ಪನೆ. ಅದು ಬೀಳುವುದಂತೂ ಖಂಡಿತ, ಅದನ್ನು ನಂಬುವವರೂ ಒಪ್ಪಬೇಕು. ಉಳಿದ ಕಲ್ಪನೆಗಳಿಗೆ ಅದರಿಂದ ಹಾನಿಯೂ ಇಲ್ಲ, ಲಾಭವೂ ಇಲ್ಲ.

ಈ ಚರ್ಚೆ ಹೊರಗಿನಿಂದ ಬಂದದ್ದು ಅಂದುಕೊಳ್ಳುವವರಿಗೆ ಒಂದು ಮಾತು. ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯ ಕೋಡಿಯ ಮಠ ಕಾಳಾಮುಖ ಶೈವರದು. 1162ರ ಶಾಸನ ಅಲ್ಲಿ ನಡೆಯುತ್ತಿದ್ದ ಪಾಠಗಳನ್ನು ಹೇಳುವಾಗ ವೇದ, ವ್ಯಾಕರಣದ ಜೊತೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳ ಹೆಸರನ್ನೂ ಹೇಳುತ್ತದೆ. ಬೌದ್ಧರು ಸೃಷ್ಟಿಕರ್ತನನ್ನು ಒಪ್ಪದವರು, ಸಾಂಖ್ಯರು ಸೃಷ್ಟಿಕರ್ತ ಈಶ್ವರನಿಲ್ಲದೆಯೇ ಲೋಕವನ್ನು ವಿವರಿಸಿದವರು. ಶಿವನ ಮಠದಲ್ಲಿ ಕೂತು ಇವನ್ನು ಓದುತ್ತಿದ್ದರು, ಓದಿಸುತ್ತಿದ್ದರು. ಹೊಸನಗರ ತಾಲೂಕಿನ ಹುಂಚಕ್ಕೆ ಹೋದರೆ ಇನ್ನೊಂದು ಬಗೆ: ಜೈನ ದರ್ಶನದಲ್ಲಿ ಲೋಕವನ್ನು ಮಾಡಿದವನು ಯಾರೂ ಇಲ್ಲ, ತೀರ್ಥಂಕರರು ವರ ಕೊಡುವವರಲ್ಲ, ಆದರೂ ಪೂಜೆ ಶತಮಾನಗಳಿಂದ ನಡೆದುಬಂದಿದೆ. ಸೃಷ್ಟಿಕರ್ತ ಇದ್ದಾನೆಯೇ ಅನ್ನುವುದು ಒಂದು ಪ್ರಶ್ನೆ, ಕೈಮುಗಿಯಬೇಕೇ ಅನ್ನುವುದು ಇನ್ನೊಂದು. ನಾವು ಎರಡನ್ನೂ ಒಂದೇ ಗಂಟು ಹಾಕಿಬಿಟ್ಟಿದ್ದೇವೆ.

---

ತುಂಗಾತೀರ

ಕೋಡಿಮಠ ದಾರಿಯವರೇ, ಹುತ್ತದ ವಾದ ಮೊದಲ ಸಲ ಓದಿದ್ದು. ಧನ್ಯವಾದ. ಹಾಗಾದರೆ ಹೂ ಕೇಳೋದನ್ನು ಪೂರ್ತಿ ಬಿಟ್ಟುಬಿಡಿ ಅಂತ ನಿಮ್ಮೆಲ್ಲರ ಅಭಿಪ್ರಾಯವಾ?

---

ಕೇಪಳ

ನಾನು ಹಾಗೆ ಹೇಳಲ್ಲ. ದಾಯಾದಿಗಳ ನಡುವೆ ಬೇಲಿ, ಸರದಿ ಪೂಜೆ, ಯಾರ ಮನೆಯಿಂದ ಪಲ್ಲಕ್ಕಿ ಮೊದಲು ಅನ್ನೋ ತರದ ತಕರಾರಿನಲ್ಲಿ ಎರಡೂ ಕಡೆಯವರು ಹೂವಿಗೆ ಒಪ್ಪಿದರೆ ಜಗಳ ಅಲ್ಲಿಗೆ ನಿಲ್ಲುತ್ತೆ. ಅಲ್ಲಿ ಹೂ ಚೀಟಿ ಎತ್ತಿದ ಹಾಗೆ ಕೆಲಸ ಮಾಡುತ್ತೆ. ಎರಡರಲ್ಲಿ ಯಾವುದಾದರೂ ನಡೆಯುತ್ತೆ ಅನ್ನೋ ಕಡೆ ಅದು ಸಾಕು. ಅಂಥ ಕಡೆ ಎಲೆಯಲ್ಲಿ ಮಡಚಿದ ಹೂವೇ ಮೇಲು, ದೀಪ ಎಡಕ್ಕಿತ್ತು ಬಲಕ್ಕಿತ್ತು ಅಂತ ಆಮೇಲೆ ಯಾರೂ ಆಡಿಕೊಳ್ಳೋಕಾಗಲ್ಲ.

ಕೇಳಲೇಬಾರದ ವಿಷಯ ಇದೆ, ಅದರಲ್ಲಿ ನಾನು ಗಟ್ಟಿ. ಹಾವು ಕಚ್ಚಿದಾಗ ಕೇಳಬಾರದು. ಕಚ್ಚಿದ ಕೈಕಾಲು ಅಲುಗಾಡಿಸದೆ, ಬಿಗಿಯಾಗಿ ಕಟ್ಟದೆ, ಕೊಯ್ಯದೆ, ಪ್ರತಿವಿಷ ಇರೋ ಆಸ್ಪತ್ರೆಗೆ ಹೊರಡಬೇಕು. ಬನಕ್ಕೆ ಹೋಗಿ ಬರೋ ಅರ್ಧ ಗಂಟೆಯೇ ಪ್ರಾಣ ತೆಗೆಯಬಹುದು. ಕಾಡಿಗೆ ಹೋಗಿ ಬಂದವರಿಗೆ, ಅದರಲ್ಲೂ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ, ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ ಅದು ಮಂಗನ ಕಾಯಿಲೆ ಇರಬಹುದು, ರಕ್ತ ಪರೀಕ್ಷೆ ಆಗಬೇಕು. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಅದನ್ನು ಗುರುತಿಸಿದ್ದು, ಉಣುಗಿನಿಂದ ಹರಡುತ್ತೆ ಅಂತ ತಿಳಿದಿದ್ದು, ಸತ್ತ ಮಂಗಗಳನ್ನೂ ಉಣುಗನ್ನೂ ಪರೀಕ್ಷೆ ಮಾಡಿ. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯ ಚಿಕಿತ್ಸೆ ತಪ್ಪಿಸಿ ಮಂತ್ರ ತಂತ್ರ ಮಾಡೋದನ್ನು ರಾಜ್ಯದ 2017ರ ಕಾಯ್ದೆ ಅಪರಾಧ ಅಂತಲೇ ಹೇಳಿದೆ. ಬಂದವರು ಹೂ ಕೇಳಿ ಅಂದರೂ ಪೂಜೆ ಮಾಡುವವರು "ಮೊದಲು ಆಸ್ಪತ್ರೆ" ಅನ್ನಬೇಕು.

---

ಹೊಸಗದ್ದೆ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಡಬ್ಬಿಯ ಬಗ್ಗೆ ನನ್ನ ತಕರಾರು ಹಾಗೇ ಇದೆ, ಆದರೆ ನೋಟ್‌ಬುಕ್ ಇಡೋದಕ್ಕೆ ಯಾವ ಭಕ್ತರೂ ಹೆದರಬೇಕಾಗಿಲ್ಲ.

---

ಎಂಟನೇ ಬೆಂಚು

ತುಂಗಾತೀರ ಅವರಿಗೆ ಕೊನೆಯದಾಗಿ ಒಂದು ಕೆಲಸದ ಮಾತು. ಗರ್ಭಗುಡಿಗೆ ಹೋಗೋ ಮುಂಚೆ ಮನೆಯ ರುಬ್ಬುವ ಗುಂಡನ್ನು ತೊಳೆದು, ಮೇಜಿನ ಮೇಲೆ ನಿಲ್ಲಿಸಿ, ಎರಡೂ ಬದಿಗೆ ಒಂದೇ ಗಿಡದ, ಅದೇ ದಿನ ಕಿತ್ತ ಹೂ ಅಂಟಿಸಿ ನೋಡಿ. ದೀಪ ಬಲಕ್ಕಿಟ್ಟು 20 ಸಲ, ಎಡಕ್ಕಿಟ್ಟು 20 ಸಲ, ದೀಪ ಇಲ್ಲದೆ 20 ಸಲ. ಪ್ರತಿ ಸಲವೂ ಕಲ್ಲನ್ನು ಒರೆಸಿ ಹೊಸದಾಗಿ ನೀರು ಸವರಬೇಕು, ಇಲ್ಲದಿದ್ದರೆ ಹಿಂದಿನ ಸಲದ ತೇವ ಮುಂದಿನದಕ್ಕೆ ಸೇರುತ್ತೆ. ಯಾವ ಕಡೆಯದು ಮೊದಲು ಬಿತ್ತು, ಎಷ್ಟು ನಿಮಿಷಕ್ಕೆ, ಎರಡನ್ನೂ ಬರೆದುಕೊಳ್ಳಿ. ಮಳೆ ಬಿಟ್ಟ ಮೇಲೆ ಮಾಡಿ, ಮಳೆಗಾಲದಲ್ಲಿ ಮಾಡಿದರೆ ಒಂದು ಹೂವಿಗೇ ಅರ್ಧ ದಿನ ಹೋಗುತ್ತೆ. ಆ ಮೂರು ಪಟ್ಟಿ ಇಲ್ಲಿ ಹಾಕಿ, ಡಬ್ಬಿಯ ಪರೀಕ್ಷೆಯಲ್ಲಿ ದೀಪ ಎಲ್ಲಿಡಬೇಕು, ಎಷ್ಟು ಹೊತ್ತು ಕಾಯಬೇಕು ಅಂತ ಅದನ್ನು ನೋಡಿ ಗೊತ್ತು ಮಾಡೋಣ.